ಅಜ್ಜನಿಗೆ ಇಬ್ಬರೇ ಮಕ್ಕಳು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಕಾಕಾ ನಮ್ಮ ಮನೆಗೆ ಬಂದದ್ದು ಮಂಗಳವಾರ ಎಂದು ಡೈರಿಯಲ್ಲಿದೆ. ಆದರೆ ಮಗಳು ಅಂದು ಶಾಲೆಯಿಂದ ಬೇಗ ಬಂದಿದ್ದಳೆಂದು ನನ್ನ ನೆನಪು, ಅವಳಿಗೆ ಆಗ ಬೇಗ ಬಿಡುತ್ತಿದ್ದದ್ದು ಗುರುವಾರ. ಡೈರಿಯನ್ನು ನಾನು ಅಂದಂದೇ ಬರೆಯುವುದಿಲ್ಲ. ಒಂದೆರಡು ದಿನ ಬಿಟ್ಟು, ಸಿಟ್ಟು ಆರಿದ ಮೇಲೆ ಬರೆಯುತ್ತೇನೆ. ಹಾಗೆ ಬರೆದದ್ದು ಹೆಚ್ಚು ನಿಜವಾಗಿರುತ್ತದೆಂದು ಮೊದಲೆಲ್ಲ ನಂಬಿದ್ದೆ. ಈಗ ನಂಬುವುದಿಲ್ಲ. ಆ ಎರಡು ದಿನಗಳಲ್ಲಿ ನಾನು ಆಡದೇ ಇದ್ದ ಒಳ್ಳೆಯ ಮಾತುಗಳೆಲ್ಲ ನನಗೆ ಹೊಳೆದಿರುತ್ತವೆ. ಆದ್ದರಿಂದ ಮುಂದೆ ನಾನು ತುಂಬ ಚುರುಕಾಗಿ ಉತ್ತರ ಕೊಟ್ಟಂತೆ ಕಂಡಲ್ಲಿ ಸಂಶಯಪಡುವುದೇ ಒಳ್ಳೆಯದು.

ಸಂಶಯಕ್ಕೆ ಎಡೆಯಿಲ್ಲದ್ದು ಒಂದು ಕಾಗದ. ಅದು ಈಗಲೂ ನನ್ನ ಮೇಜಿನ ಡ್ರಾಯರಿನಲ್ಲಿದೆ. ನಮ್ಮ ಊರಿನ ಕಂದಾಯ ಕಚೇರಿಯ ಮೊಹರು ಇರುವ ವಂಶವೃಕ್ಷ. ಮೇಲೆ ಅಜ್ಜನ ಹೆಸರು, ಪಕ್ಕದಲ್ಲಿ ಕಂಸದೊಳಗೆ ಮೃತ. ಅಲ್ಲಿಂದ ಎರಡು ಗೆರೆ. ಒಂದರ ಕೆಳಗೆ ನನ್ನ ಅಪ್ಪ, ಅವನೂ ಮೃತ. ಇನ್ನೊಂದರ ಕೆಳಗೆ ಅಪ್ಪನ ತಮ್ಮ, ಅಂದರೆ ಕಾಕಾ. ಅಪ್ಪನ ಕೆಳಗೆ ನಾನೊಬ್ಬಳೇ. ಕಾಕಾನ ಕೆಳಗೆ ಒಬ್ಬ ಮಗ, ಒಬ್ಬ ಮಗಳು. ಅಷ್ಟೇ.

ಅಪ್ಪ ಹೋದ ಮರುವರ್ಷ ಕಾಕಾ ಅದನ್ನು ನನಗೆ ಕಳಿಸಿದ್ದ. ಅಜ್ಜನ ಹತ್ತಿ ಗಿರಣಿ ಎಂದೋ ನಿಂತುಹೋಗಿ, ಊರು ಬೆಳೆದು, ಆ ಜಾಗ ಈಗ ಪೇಟೆಯ ನಡುವೆ ಬಂದುಬಿಟ್ಟಿದೆ. ಅಲ್ಲಿ ಅಂಗಡಿಗಳ ಸಾಲು ಕಟ್ಟಿಸಬೇಕು, ಅದಕ್ಕೆ ನಾನು ನನ್ನ ಹಕ್ಕು ಬಿಟ್ಟುಕೊಟ್ಟಂತೆ ಸಹಿ ಮಾಡಬೇಕು. ವಂಶವೃಕ್ಷ ಆ ಪತ್ರಕ್ಕೆ ಲಗತ್ತು. ನನ್ನನ್ನೂ ಬಿಟ್ಟುಬಿಡುವುದು ಕಾಕಾನಿಗೆ ಸಾಧ್ಯವಾಗಲಿಲ್ಲ, ಅಪ್ಪನ ಬ್ಯಾಂಕಿನ ಕಾಗದಗಳಲ್ಲೆಲ್ಲ ನನ್ನ ಹೆಸರಿತ್ತು. ಸಾಧ್ಯವಿದ್ದಿದ್ದರೆ ಬಿಡುತ್ತಿದ್ದ ಎಂಬುದು ನನ್ನ ಊಹೆ. ನ್ಯಾಯವಾದ ಊಹೆಯೋ ಅಲ್ಲವೋ ಗೊತ್ತಿಲ್ಲ. ನಾನು ಸಹಿ ಮಾಡುತ್ತೇನೆ, ಮಾಡುತ್ತೇನೆ ಎನ್ನುತ್ತ ದಿನ ತಳ್ಳಿದೆ. ಗಿರಣಿಯ ಮೇಲೆ ನನಗೇನೂ ಆಸೆ ಇರಲಿಲ್ಲ. ಕಾಕಾ ಕಾಯುವುದು ನನಗೆ ಇಷ್ಟವಾಗಿತ್ತು.

ನಾನು ಇರುವುದು ಗೋಥೆನ್‌ಬರ್ಗ್‌ನಲ್ಲಿ. ಪಿಎಚ್‌ಡಿ ಮಾಡಲೆಂದು ಬಂದವಳು ಇಲ್ಲೇ ಉಳಿದೆ, ಇಲ್ಲಿಯ ಪೌರತ್ವ ತೆಗೆದುಕೊಂಡೆ, ಆಮೇಲೆ ಮಗಳು ಹುಟ್ಟಿದಳು. ಗಂಡ ವಾರದ ದಿನಗಳಲ್ಲಿ ಎಸ್ಕಿಲ್‌ಸ್ಟುನಾದ ಕಾರ್ಖಾನೆಯಲ್ಲಿರುತ್ತಾನೆ, ಶುಕ್ರವಾರ ಸಂಜೆ ಬರುತ್ತಾನೆ. ನಲವತ್ತು ದಾಟಿದ ಹೆಂಗಸರಿಗೆ ಇಲ್ಲಿ ಸ್ತನದ ಎಕ್ಸ್-ರೇಗೆ ತಾನಾಗಿಯೇ ಕರೆ ಬರುತ್ತದೆ. ನನ್ನ ಎರಡನೆಯ ಸಲದ ಎಕ್ಸ್-ರೇಯಲ್ಲಿ ಏನೋ ಕಂಡಿತು. ಸೂಜಿ ಹಾಕಿ ನೋಡಿದರು, ಕೆಟ್ಟದ್ದಲ್ಲ ಎಂದರು. ಆದರೂ ಡಾಕ್ಟರು ಮನೆತನದಲ್ಲಿ ಯಾರಿಗಾದರೂ ಇತ್ತೇ ಎಂದು ಕೇಳಿ, ವಂಶದಲ್ಲಿ ಬರುವ ಕ್ಯಾನ್ಸರ್ ನೋಡುವ ವಿಭಾಗಕ್ಕೆ ಬರೆದುಕೊಟ್ಟರು. ಅಲ್ಲಿಂದ ಒಂದು ಫಾರಂ ಬಂತು. ಅಪ್ಪನ ಕಡೆ ಯಾರು ಯಾರು, ಅವ್ವನ ಕಡೆ ಯಾರು ಯಾರು, ಯಾರಿಗೆ ಯಾವ ರೋಗ, ಎಷ್ಟನೆಯ ವಯಸ್ಸಿಗೆ.

ಇಲ್ಲಿ ನಾನು ಮಾಡಿದ ತಪ್ಪನ್ನು ಈ ದೇಶದಲ್ಲೇ ಹುಟ್ಟಿದವರು ಮಾಡಲಾರರು, ಊರು ಬಿಡದವರೂ ಮಾಡಲಾರರು. ಇಲ್ಲಿ ಪ್ರತಿಯೊಬ್ಬರಿಗೂ ಒಂದು ಪರ್ಸನ್‌ನಮ್ಮರ್, ಅಂದರೆ ಗುರುತಿನ ಸಂಖ್ಯೆ, ಇರುತ್ತದೆ. ತೆರಿಗೆ ಕಚೇರಿಯವರು ಕೊಡುವ ಒಂದು ಹಾಳೆಯಲ್ಲಿ ತಾಯಿ, ತಂದೆ, ಮಕ್ಕಳು ಎಲ್ಲರೂ ಇರುತ್ತಾರೆ. ಸರಕಾರದ ಮೊಹರಿರುವ ಕಾಗದ ನಿಜ ಹೇಳುತ್ತದೆ ಎಂಬುದು ಇಷ್ಟು ವರ್ಷಗಳಲ್ಲಿ ನನಗೂ ಅಂಟಿಬಿಟ್ಟಿತ್ತು. ನಮ್ಮ ಕಡೆ ವಂಶವೃಕ್ಷವೆಂದರೆ ಮನೆಯ ಗಂಡಸು ಹೇಳಿದ್ದು, ಇಬ್ಬರು ನೆರೆಯವರು ಹೌದೆಂದದ್ದು, ಅದರ ಮೇಲೆ ಬಿದ್ದ ಮೊಹರು. ಇದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಮರೆತಿದ್ದೆ. ಡ್ರಾಯರಿನಿಂದ ಕಾಗದ ತೆಗೆದು, ಪಕ್ಕದಲ್ಲಿ ಸ್ವೀಡಿಶ್ ಅನುವಾದ ಬರೆದು, ಅಪ್ಪನ ಕಡೆಯ ವಿವರ ಎಂದು ಆಸ್ಪತ್ರೆಗೆ ಕಳಿಸಿದೆ. ಎರಡು ತಿಂಗಳಿಗೆ ಉತ್ತರ ಬಂತು: ನೀವು ಕೊಟ್ಟ ವಿವರದಲ್ಲಿ ಹೆಚ್ಚಿನ ಪರೀಕ್ಷೆಗೆ ಕಾರಣ ಕಾಣುವುದಿಲ್ಲ. ನಾನು ಅಂದು ಕೇಕ್ ತಂದೆ.

ಮರೆತಿದ್ದೆ ಎಂದದ್ದೂ ಪೂರ್ತಿ ನಿಜವಲ್ಲ. ಫಾರಂ ತುಂಬುವಾಗ ನನ್ನ ಕೈ ಒಂದು ಕಡೆ ನಿಂತಿತ್ತು. ನನಗೊಂದು ನೆನಪಿದೆ, ಅಥವಾ ನೆನಪೆಂದು ನಾನು ಇಟ್ಟುಕೊಂಡಿರುವ ಒಂದು ಚಿತ್ರವಿದೆ. ನಾನಾಗ ನಾಲ್ಕೈದು ವರ್ಷದವಳು. ಅಡುಗೆಮನೆಯ ಹಿಂದಿನ ಕೋಣೆ. ಅಜವಾನದ ಹೊಗೆಯ ವಾಸನೆ. ಮಂಚದ ಮೇಲೆ ತಲೆಗೆ ಬಟ್ಟೆ ಕಟ್ಟಿಕೊಂಡ ಒಬ್ಬಳು. ನಾನು ಹತ್ತಿ ಕೂರಲು ಹೋದಾಗ ಅವಳು, "ಎಡಕ್ಕ ಬ್ಯಾಡ, ಈ ಕಡಿ ಬಾ" ಅನ್ನುತ್ತಾಳೆ. ನಾನು ಅವಳನ್ನು ಅತ್ತಿ ಎಂದು ಕರೆಯುತ್ತಿದ್ದೆ. ಆದರೆ ಆ ಮನೆಗೆ ಬಂದು ಹೋಗುವ ಎಷ್ಟೋ ಹೆಂಗಸರನ್ನು ಅತ್ತಿ ಎಂದೇ ಕರೆಯುತ್ತಿದ್ದೆವು. ಅವಳು ಅಪ್ಪನ ಸ್ವಂತ ತಂಗಿಯೋ, ದೂರದ ನೆಂಟಳೋ ನನಗೆ ತಿಳಿಯದು. ದೊಡ್ಡವಳಾದ ಮೇಲೆ ಒಮ್ಮೆ ಅವ್ವನನ್ನು ಕೇಳಿದ್ದಾಗ, "ಹೊಟ್ಟಿಬ್ಯಾನಿ ಬಂದು ಹ್ವಾದಳು" ಎಂದು ಮಾತು ಮುಗಿಸಿದ್ದಳು. ಈಗ ಕೇಳಲು ಅವ್ವನೂ ಇಲ್ಲ, ಅಪ್ಪನೂ ಇಲ್ಲ. ಒಂದು ಕಡೆ ಈ ಮಸುಕು ಚಿತ್ರ, ಇನ್ನೊಂದು ಕಡೆ ಮೊಹರಿರುವ ಕಾಗದ. ನನಗೆ ಅನುಕೂಲವಾದದ್ದನ್ನು ನಂಬಿದೆ.

ಮುಂದಿನ ವರ್ಷ ಕಾಕಾ ಮತ್ತು ಅವನ ಹೆಂಡತಿ ಚಿಗವ್ವ ಸ್ವೀಡನ್ನಿಗೆ ಬಂದರು. ಅವರ ಮಗ ಸೋಡರ್‌ಟೆಲ್ಯೆಯಲ್ಲಿ ಟ್ರಕ್ ಕಾರ್ಖಾನೆಯ ಎಂಜಿನಿಯರ್. ಅವನಿಗೆ ಗಂಡು ಮಗು ಹುಟ್ಟಿತ್ತು, ಸೊಸೆಯ ತಾಯಿಗೆ ಬರಲಾಗದ್ದರಿಂದ ಬಾಣಂತನಕ್ಕೆ ಇವರೇ ಬಂದಿದ್ದರು. ಹೆಸರಿಡುವ ದಿನ ನಾನೂ ಮಗಳೂ ರೈಲಿನಲ್ಲಿ ಹೋದೆವು. ಆ ಮನೆಯಲ್ಲಿ ಹತ್ತಿಪ್ಪತ್ತು ಜನ, ಬೆಂಗಳೂರಿನವರು, ಮೈಸೂರಿನವರು. ಅವರ ನಡುವೆ ಕಾಕಾನ ಮಗ ಬೆಂಗಳೂರಿನ ಕನ್ನಡ ಆಡುತ್ತಿದ್ದ. ಕಾಕಾ ಯಾರ ಮುಲಾಜಿಗೂ ಬೀಳದೆ ನಮ್ಮೂರಿನ ಮಾತನ್ನೇ ಗಟ್ಟಿಯಾಗಿ ಆಡುತ್ತ ಮೊಮ್ಮಗನನ್ನು ಎಲ್ಲರಿಗೂ ತೋರಿಸುತ್ತಿದ್ದ.

"ನೋಡ್ರಿ, ನಮ್ಮ ಮನಿತನದಾಗ ಇವನ ಮೊದಲನೇ ಹುಟ್ಟಾ ಸ್ವೀಡಿಶ್" ಎಂದ. ಆಮೇಲೆ ನನ್ನ ಕಡೆ ತಿರುಗಿ, "ನಿನ್ಹಂಗ ಅರ್ಜಿ ಹಾಕಿ, ವರ್ಷಗಟ್ಟಲೆ ಕಾದು ಆದಾವಲ್ಲ" ಎಂದ.

ನಾನು ಸುಮ್ಮನಿರಬಹುದಿತ್ತು. "ಇವನು ಸ್ವೀಡಿಶ್ ಅಲ್ಲ ಕಾಕಾ. ಇಲ್ಲಿ ಹುಟ್ಟಿದ್ರ ಏನೂ ಆಗಂಗಿಲ್ಲ. ಅಪ್ಪ ಅವ್ವ ಯಾರು ಅಂತ ನೋಡ್ತಾರ. ಇವನ ಅಪ್ಪ ಅವ್ವ ಇಂಡಿಯಾದವರು, ಇವನೂ ಇಂಡಿಯಾದಾವ" ಎಂದೆ.

"ಮತ್ತ ನಿನ್ನ ಮಗಳು?"

"ಅಕಿ ಹುಟ್ಟಿದಾಗ ನಾನು ಇಲ್ಲಿಯಾಕಿ ಆಗಿದ್ದೆ. ನನ್ನಿಂದ ಬಂತು."

"ತಾಯಿ ಕಡಿಂದ" ಎಂದು ಕಾಕಾ ನಕ್ಕ. "ಅದಕ್ಕ ನಿನಗ ಈ ದೇಶ ಒಗ್ಗೈತಿ ಬಿಡು."

ಯಾರೋ ನಕ್ಕರು. ಕಾಕಾನ ಮಗ ಮೈಸೂರು ಪಾಕಿನ ತಟ್ಟೆ ಹಿಡಿದು ನಡುವೆ ಬಂದು, "ಅಕ್ಕಾ, ಇವತ್ತೊಂದಿನ ಬಿಡು" ಎಂದು ಮೆಲ್ಲಗೆ ಹೇಳಿದ. ಅವನು ಹೇಳಿದ್ದು ನನಗೆ, ಅವನಪ್ಪನಿಗಲ್ಲ. ಅದನ್ನೂ ಡೈರಿಯಲ್ಲಿ ಬರೆದಿದ್ದೇನೆ.

ಸಿಟ್ಟಿನಲ್ಲಿ ಎದ್ದು ಬಾಣಂತಿಯ ಕೋಣೆಗೆ ಹೋದೆ. ಅಲ್ಲಿ ಚಿಗವ್ವ ಸೊಸೆಯ ಎದೆಗೆ ಬಿಸಿ ಬಟ್ಟೆ ಒತ್ತುತ್ತಿದ್ದಳು. ಹಾಲು ಕಟ್ಟಿ ಗಂಟಾಗಿತ್ತು, ಹುಡುಗಿ ಹಲ್ಲು ಕಚ್ಚಿ ಅಳುತ್ತಿದ್ದಳು. ನಾನು, ಕಡಿಮೆಯಾಗದಿದ್ದರೆ ಡಾಕ್ಟರಿಗೆ ತೋರಿಸಿ ಎಂದೆ. ಚಿಗವ್ವ ಬಟ್ಟೆ ಹಿಂಡುತ್ತ, ನನ್ನನ್ನು ನೋಡದೆ, "ತೋರಸ್ಲಿಕ್ಕೇ ಬೇಕು. ನಿಮ್ಮತ್ತಿಗೂ ಹಿಂಗ ಹಾಲಿನ ಗಂಟು ಅಂತ ತಿಳಕೊಂಡು ಒತ್ತಿದ್ದ ಒತ್ತಿದ್ದು. ಹಾಲಿನ ಗಂಟು ಆಗಿರಲೇ ಇಲ್ಲ ಅದು" ಎಂದಳು.

"ಯಾವ ಅತ್ತಿ?" ಎಂದೆ.

"ನಿಮ್ಮಪ್ಪನ ತಂಗಿ. ಮತ್ಯಾರು? ಚೊಚ್ಚಲ ಬಾಣಂತನಕ್ಕ ತವರಿಗೆ ಬಂದಾಕಿ ತಿರುಗಿ ಹೋಗಲೇ ಇಲ್ಲ. ನಾನು ಮದುವಿಯಾಗಿ ಬಂದ ಹೊಸತು, ನಾನ ಒತ್ತತಿದ್ದೆ."

ಅಜವಾನದ ಹೊಗೆ, ತಲೆಗೆ ಕಟ್ಟಿದ ಬಟ್ಟೆ. ಅದು ರೋಗಿಯ ಕೋಣೆಯಲ್ಲ, ಬಾಣಂತಿ ಕೋಣೆ. ನಾಲ್ಕು ದಶಕ ನನ್ನ ತಲೆಯಲ್ಲಿಟ್ಟುಕೊಂಡು ಓಡಾಡಿದ ಚಿತ್ರವನ್ನು ನಾನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ.

"ಕೂಸು?" ಎಂದೆ.

ಚಿಗವ್ವ ಆಗ ತಲೆಯೆತ್ತಿದಳು. ಹೊರಗೆ ಕಾಕಾನ ದನಿ ಕೇಳುತ್ತಿತ್ತು. "ಹೆಣ್ಣು. ಗಂಡನ ಮನಿ ಮಂದಿ ಒಯ್ದರು" ಎಂದಳು. ಬಟ್ಟೆಯನ್ನು ಮತ್ತೆ ಬಿಸಿನೀರಿಗೆ ಅದ್ದುತ್ತ, "ನಾ ಏನೂ ಅಂದಿಲ್ಲ ಮತ್ತ" ಎಂದಳು.

ವಾಪಸು ಬರುವಾಗ ರೈಲಿನಲ್ಲಿ ಮಗಳು ಕಿಟಕಿಗೆ ತಲೆಯಿಟ್ಟು ನಿದ್ದೆ ಮಾಡಿದಳು. ಅವಳಿಗಾಗ ಹದಿನಾಲ್ಕು. ನಾನು ಫೋನಿನಲ್ಲಿ ಆ ವಂಶವೃಕ್ಷ ತೆಗೆದು ನೋಡಿದೆ. ಈ ಕಾಗದದಿಂದ ಇಬ್ಬರು ಹೋಗಿದ್ದರು, ಅತ್ತಿ ಮತ್ತು ಅವಳ ಮಗಳು. ಅಜ್ಜ ಸತ್ತದ್ದು ಅತ್ತಿ ಹೋಗಿ ಎಷ್ಟೋ ವರ್ಷಕ್ಕೆ. ಸತ್ತ ಮಗಳ ಮಕ್ಕಳಿಗೂ ಪಾಲು ಬರುತ್ತದೆ ಎಂದು ಪರಿಚಯದ ವಕೀಲರೊಬ್ಬರು ಆಮೇಲೆ ಹೇಳಿದರು. ಅಂದರೆ ಕಾಕಾ ಮರೆತದ್ದಲ್ಲ. ಗಿರಣಿಗಾಗಿ ಕಾಗದದಿಂದ ಅಳಿಸಿಹೋದವಳು ಆಸ್ಪತ್ರೆಯ ಲೆಕ್ಕದಿಂದಲೂ ಹೋದಳು. ಅಳಿಸಿದ್ದು ಕಾಕಾ, ಆಸ್ಪತ್ರೆಗೆ ಒಯ್ದು ಕೊಟ್ಟದ್ದು ನಾನು.

ಎರಡು ವಾರ ಬಿಟ್ಟು ಕಾಕಾ ಗೋಥೆನ್‌ಬರ್ಗ್‌ಗೆ ಒಬ್ಬನೇ ಬಂದ, ಸಹಿಗಾಗಿ. ನಿಲ್ದಾಣದಿಂದ ಟ್ರಾಮಿನಲ್ಲಿ ಕರೆತಂದೆ. ಪ್ಲಾಸ್ಟಿಕ್ ಫೈಲನ್ನು ದಾರಿಯುದ್ದಕ್ಕೂ ಎದೆಗವಚಿಕೊಂಡಿದ್ದ. ಅನ್ನ, ಸಾರು, ಬದನೆಕಾಯಿ ಪಲ್ಯ ಮಾಡಿದ್ದೆ, ಉಂಡ. ರೊಟ್ಟಿ ಇಲ್ಲವೆಂದು ಒಂದು ಮಾತು ಆಡಿದ. ಉಂಡ ಮೇಲೆ ಫೈಲು ಬಿಚ್ಚಿ, ನನ್ನ ಹೆಸರಿನ ಮುಂದೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ ಜಾಗಗಳನ್ನು ತೋರಿಸಿದ.

"ಇಲ್ಲಿಯ ನೋಟರಿ ಮುಂದ ಮಾಡಬೇಕಂತ. ಇವತ್ತ ಹೋಗಿ ಬಂದ್ರ ನಾಳೆ ಗಾಡಿಗೆ ನಾ ಹೊಳ್ಳತೇನಿ."

"ಇದರಾಗ ಅತ್ತಿ ಯಾಕಿಲ್ಲ ಕಾಕಾ?"

ಅವನು ಯಾವ ಅತ್ತಿ ಎಂದು ಕೇಳಲಿಲ್ಲ. ಅಷ್ಟರ ಮಟ್ಟಿಗೆ ಪ್ರಾಮಾಣಿಕ. "ಕೊಟ್ಟ ಹೆಣ್ಣು ಕುಲಕ್ಕ ಹೊರಗ" ಎಂದ, ಎಲ್ಲರಿಗೂ ಗೊತ್ತಿರುವ ಮಾತನ್ನು ಇವಳಿಗೇಕೆ ಹೇಳಬೇಕಾಗಿದೆ ಎನ್ನುವಂತೆ.

"ಹಂಗಾರ ಅಕಿ ರೋಗ ಯಾಕ ಕುಲದ ಒಳಗ ಬರತೈತಿ? ಅದಕ್ಕೂ ಹೇಳಬೇಕಿತ್ತು, ಹೊರಗ ಹೋಗು ಅಂತ."

"ಯಾವ ರೋಗ? ಹೊಟ್ಟಿಬ್ಯಾನಿ."

"ಚಿಗವ್ವ ಹಂಗ ಹೇಳಲಿಲ್ಲ."

ಅಲ್ಲಿಯತನಕ ಅವನ ದನಿ ಏರಿರಲಿಲ್ಲ. ಚಿಗವ್ವನ ಮಾತು ಬಂದದ್ದೇ ಬದಲಾದ. ನಾನು ಅವಳನ್ನು ಸಿಕ್ಕಿಸಿಹಾಕಿದೆ. ಅದರ ಫಲವನ್ನು ಸೋಡರ್‌ಟೆಲ್ಯೆಯಲ್ಲಿ ಅವಳು ಉಣ್ಣಬೇಕಾಗುತ್ತದೆಂದು ನನಗೆ ಆ ಹೊತ್ತು ಹೊಳೆಯಲಿಲ್ಲ ಎಂದು ಬರೆಯಬಹುದು. ಹೊಳೆದಿತ್ತು.

"ನೋಡವಾ" ಎಂದ ಕಾಕಾ. "ನೀ ನಮ್ಮ ದೇಶ ಬ್ಯಾಡ ಅಂದಿ. ಪಾಸ್‌ಪೋರ್ಟ್ ಹೊಳ್ಳಿ ಕೊಟ್ಟಿ. ಆಗ ನಿನ್ನ ಯಾರರ ತಡದ್ರೇನು? ಈಗ ಅಜ್ಜನ ಗಿರಣಿ ಮಾತ್ರ ಬೇಕು. ನೇರ ಹೇಳು. ಪಾಲು ಬೇಕಂದ್ರ ಬೇಕನ್ನು. ಸತ್ತಾಕಿನ್ನ ಯಾಕ ಎಳಕೊಂಡು ಬರತಿ?"

"ನನಗ ಗಿರಣಿ ಬ್ಯಾಡ. ಅತ್ತಿ ಸಾಯೋ ಮುಂದ ಎಷ್ಟು ವಯಸ್ಸು, ಯಾವ ದವಾಖಾನಿಗೆ ತೋರಿಸಿದ್ರಿ, ಅಜ್ಜಿಗರ ಇತ್ತೋ ಹೆಂಗ, ಅಷ್ಟು ಹೇಳು. ನನಗೊಬ್ಬಾಕಿ ಮಗಳದಾಳ. ನಿನಗೂ ಒಬ್ಬಾಕಿ ಅದಾಳ."

"ನನ್ನ ಮಗಳ ಹೆಸರು ತಗೀಬ್ಯಾಡ. ಅಕಿ ಲಗ್ನದ ಮಾತು ನಡದೈತಿ. ಹುಡುಗನ ಕಡಿಯವರ ಕಿವಿಗೆ ಇದು ಬಿತ್ತಂದ್ರ ಏನಾಗತೈತಿ, ಗೊತ್ತೈತಿ ನಿನಗ? ಎಕ್ಸ್-ರೇ ಮಾಡಿಸಿ ನಿನಗೇನೂ ಇಲ್ಲ ಅಂದಾರಂತ ನೀನ ಫೋನಿನಾಗ ಹೇಳಿದ್ದಿ. ಮತ್ಯಾಕ ಮನಿತನಕ್ಕ ಹಚ್ಚಾಕ ಹೊಂಟಿ?"

ಆಗ ನಾನು ಆಡಿದ ಮಾತು ಇದು. ಇದನ್ನು ಡೈರಿಯಲ್ಲಿ ಎರಡು ದಿನ ಬಿಟ್ಟು ಬರೆಯಲಿಲ್ಲ, ಹತ್ತು ದಿನ ಬಿಟ್ಟು ಬರೆದೆ. "ನೀ ಹೇಳು, ನಾ ಸಹಿ ಮಾಡತೇನಿ. ಇವತ್ತ, ಈಗ" ಎಂದೆ.

ಆ ಪತ್ರಕ್ಕೆ ಸಹಿ ಮಾಡುವುದೆಂದರೆ ಅಜ್ಜನಿಗೆ ಇಬ್ಬರೇ ಮಕ್ಕಳು, ಬೇರೆ ವಾರಸುದಾರರಿಲ್ಲ ಎಂದು ನಾನೂ ಒಪ್ಪಿದಂತೆ. ಮೂರನೆಯ ಪುಟದಲ್ಲಿ ಹಾಗೆಂದು ಬರೆದೇ ಇತ್ತು, ನಾನು ಓದಿದ್ದೆ. ಅತ್ತಿಯ ವಯಸ್ಸು ತಿಳಿದುಕೊಳ್ಳಲು ಅತ್ತಿಯ ಮಗಳ ಪಾಲನ್ನು ಕೊಟ್ಟುಬಿಡಲು ನಾನು ತಯಾರಿದ್ದೆ. ನನ್ನದಲ್ಲದ್ದನ್ನು ಕೊಡುವುದು ಎಷ್ಟು ಸುಲಭ.

ಕಾಕಾ ಪೆನ್ನು ತೆಗೆದು ನನ್ನ ಮುಂದಿಟ್ಟ. "ಮೊದಲ ಸಹಿ" ಎಂದ.

"ಮೊದಲ ಮಾತು."

ಪೆನ್ನನ್ನು ನಾನು ಅವನ ಕಡೆಗೇ ಸರಿಸಿದೆ. ಆಗ ಮಗಳು ಬಂದಳು. ಬೂಟು ಕಳಚಿ, ಬಾಗಿಲಲ್ಲೇ ನಿಂತು ಇಬ್ಬರನ್ನೂ ನೋಡಿ, ಈ ಅಜ್ಜನಿಗೆ ಸಿಟ್ಟು ಬಂದಿದೆಯಾ ಎಂದು ಸ್ವೀಡಿಶ್‌ನಲ್ಲಿ ಕೇಳಿದಳು. ನಾನು ಇಲ್ಲ ಎಂದೆ. ಕಾಕಾ, "ಏನಂತಾಳ ಸ್ವೀಡನ್ನಿನಾಕಿ?" ಎಂದ. ಅವನು ಕಾಗದಗಳನ್ನು ಒಂದೊಂದಾಗಿ ಅಂಚು ಕೂಡಿಸಿ ಫೈಲಿಗೆ ಹಾಕಿದ. ಮರುದಿನದ ರೈಲಿಗೆ ಕಾಯದೆ ಅಂದೇ ಸಂಜೆಯ ರೈಲಿಗೆ ಟಿಕೆಟ್ ಬದಲಿಸಲು ಮಗನಿಗೆ ಫೋನ್ ಮಾಡಿದ. ಟ್ರಾಮಿನಲ್ಲಿ ನಾವು ಹಿಂದೆ ಮುಂದೆ ಕೂತೆವು. ನಿಲ್ದಾಣದಲ್ಲಿ ನಾನು ಕಾಲು ಮುಟ್ಟಿ ನಮಸ್ಕಾರ ಮಾಡಲಿಲ್ಲ, ಅವನೂ ಕಾಯಲಿಲ್ಲ.

ನಾನು ಆಸ್ಪತ್ರೆಗೆ ಮತ್ತೆ ಬರೆದೆ. ಮೊದಲು ಕೊಟ್ಟ ವಿವರ ತಪ್ಪು, ತಂದೆಗೆ ಒಬ್ಬ ತಂಗಿ ಇದ್ದಳು, ಹೆರಿಗೆಯ ನಂತರ ಎದೆಯಲ್ಲಿ ಗಂಟು, ಸಾವು, ವಯಸ್ಸು ಗೊತ್ತಿಲ್ಲ. ಕರೆಸಿದರು. ಸಲಹೆ ಕೊಡುವ ಹೆಂಗಸು ನನ್ನೆದುರಿಗೇ ಹೊಸ ಹಾಳೆಯಲ್ಲಿ ವಂಶ ಬರೆದಳು. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ಸತ್ತವರ ಮೇಲೆ ಅಡ್ಡಗೆರೆ. ಅಪ್ಪನ ಪಕ್ಕ ಒಂದು ವೃತ್ತ ಬರೆದು ಕಪ್ಪು ತುಂಬಿದಳು. ಇಂಥದ್ದು ಗಂಡಸರಿಂದಲೂ ದಾಟುತ್ತದೆ, ಅವರಿಗೆ ಏನೂ ಆಗಿರದಿದ್ದರೂ, ಎಂದಳು. ನಂತರ ಪೆನ್ನು ಎತ್ತಿ, "ಇವರಿಗೆ ಮಕ್ಕಳಿದ್ದರೇ?" ಎಂದು ಕೇಳಿದಳು.

"ಒಬ್ಬ ಮಗಳು."

"ಆಕೆಗೆ ಗೊತ್ತಿದೆಯೇ?"

ಆ ಕ್ಷಣದವರೆಗೆ ಅದು ನನ್ನ ಪ್ರಶ್ನೆಯಾಗಿರಲಿಲ್ಲ. ರೋಗ ಬಂದೀತೆಂದು ನಾನು ಯೋಚಿಸಿದ್ದು ನನಗೆ, ನನ್ನ ಮಗಳಿಗೆ, ಬಹಳವೆಂದರೆ ಕಾಕಾನ ಮಗಳಿಗೆ. ಅತ್ತಿಯ ಮಗಳನ್ನು ನಾನು ಗಿರಣಿಯ ಪಾಲುದಾರಳೆಂದು ಮಾತ್ರ ಲೆಕ್ಕಕ್ಕಿಟ್ಟಿದ್ದೆ. ಅವಳು ನನಗಿಂತ ನಾಲ್ಕೈದು ವರ್ಷಕ್ಕೆ ಚಿಕ್ಕವಳು. ಅವಳ ತಾಯಿ ಬದುಕಿದ್ದ ವಯಸ್ಸನ್ನು ಬಹುಶಃ ಎಂದೋ ದಾಟಿದ್ದಾಳೆ, ಬದುಕಿದ್ದರೆ.

ನನ್ನ ರಕ್ತ ತೆಗೆದುಕೊಂಡರು. ತಿಳಿದಿರುವ ದೋಷ ಯಾವುದೂ ಸಿಗಲಿಲ್ಲ ಎಂದು ಆರು ವಾರಕ್ಕೆ ಬಂತು. ಆ ಹೆಂಗಸು ಫೋನಿನಲ್ಲಿ, ಇದು ಒಳ್ಳೆಯ ಸುದ್ದಿ, ಆದರೆ ಅರ್ಧ ಎಂದಳು. ನಿಮ್ಮ ಮನೆತನದಲ್ಲಿ ಅದು ಇರಲೇ ಇಲ್ಲವೋ, ಇದ್ದು ನಿಮಗೆ ಬರಲಿಲ್ಲವೋ ಹೇಳಲಾಗದು. ಅತ್ತೆಯ ಮಗಳು ಪರೀಕ್ಷೆ ಮಾಡಿಸಿಕೊಂಡರೆ ತಿಳಿದೀತು, ನಿಮಗಿಂತ ಆಕೆಗೇ ಅದು ಮುಖ್ಯ. ಆಮೇಲೆ ಆಕೆಗೆ ತಲುಪಿಸಲೆಂದು ಒಂದು ಪತ್ರ ಕಳಿಸಿದಳು, ಸ್ವೀಡಿಶ್‌ನಲ್ಲಿ ಒಂದು ಪ್ರತಿ, ಇಂಗ್ಲಿಷ್‌ನಲ್ಲಿ ಒಂದು. ಪ್ರಿಯ ಬಂಧುವೇ ಎಂದು ಶುರುವಾಗುತ್ತದೆ. ವಂಶವೃಕ್ಷದ ಡ್ರಾಯರಿನಲ್ಲೇ ಇಟ್ಟಿದ್ದೇನೆ. ಹೆಸರೂ ಗೊತ್ತಿಲ್ಲದವಳಿಗೆ ಯಾವ ವಿಳಾಸ ಬರೆಯಲಿ?

ಕಾಕಾನ ಮಗನಿಗೆ ಎಲ್ಲವನ್ನೂ ಹೇಳಿದೆ. ತಂಗಿಯ ಮದುವೆ ಮುಗಿಯಲಿ, ಆಮೇಲೆ ಅವಳಿಗೆ ತಾನೇ ಹೇಳುತ್ತೇನೆ ಎಂದು ಬೇಡಿಕೊಂಡ. ಅತ್ತಿಯ ಬಗ್ಗೆ ಅವನು ಕೇಳಿಯೇ ಇರಲಿಲ್ಲ. ಕಾಯಲು ಒಪ್ಪಿದೆ. ಒಪ್ಪಿದ್ದು ಸರಿಯೆಂದು ಅಂದೂ ಅನ್ನಿಸಲಿಲ್ಲ. ಚಿಗವ್ವ ಈಗ ನನ್ನ ಫೋನ್ ಎತ್ತುವುದಿಲ್ಲ.

ಕಾಕಾ ಊರಿಗೆ ಹೋದ ಮೇಲೆ ನಾನು ಅವನಿಗೆ ಫೋನಿನಲ್ಲಿ ಬರೆದೆ. ವಯಸ್ಸು ಕೇಳಲಿಲ್ಲ, ರೋಗ ಕೇಳಲಿಲ್ಲ, ಸಹಿಯ ಮಾತು ಎತ್ತಲಿಲ್ಲ. ಒಂದೇ ಸಾಲು. ಓದಿದ ಗುರುತಿನ ಎರಡು ನೀಲಿ ಗೀಟು ಅಂದೇ ಬಂದವು. ಇಪ್ಪತ್ತು ದಿನ ಬಿಟ್ಟು ಅವನ ಮಗಳ ಮದುವೆಯ ಆಮಂತ್ರಣ ಬಂತು. ಕೆಳಗೆ ತಮ್ಮ ಆಗಮನ ಬಯಸುವವರ ಪಟ್ಟಿಯಲ್ಲಿ ನನ್ನ ಹೆಸರು, ನನ್ನ ಗಂಡನ ಹೆಸರು, ಮಗಳ ಹೆಸರು, ಪಕ್ಕದಲ್ಲಿ ಕಂಸದೊಳಗೆ ಸ್ವೀಡನ್. ಸಹಿ ಬೇಕಾದಾಗ ಕೊಟ್ಟ ಹೆಣ್ಣೂ ಕುಲದ ಒಳಗೆ ಬರುತ್ತಾಳೆ. ಆ ಆಮಂತ್ರಣದ ಕೆಳಗೆ ನಾನು ಅದೇ ಸಾಲನ್ನು ಮತ್ತೊಮ್ಮೆ ಹಾಕಿದೆ. ಮತ್ತೆ ಎರಡು ನೀಲಿ ಗೀಟು. ಮದುವೆ ಮುಗಿದು ಈಗ ತಿಂಗಳಾಯಿತು.

ಕಾಕಾ, ಅತ್ತೀ ಮಗಳು ಈಗ ಎಲ್ಲಿ ಅದಾಳ?